ಗುಜರಿಗೆ ಕೊಡಬಾರದ ಐದು: ಮನೆಯ ಇ-ಕಸ ವಿಲೇವಾರಿಗೆ ಸಮಗ್ರ ಮಾರ್ಗದರ್ಶಿ

ಆಯುಧಪೂಜೆಗೆಂದು ಮನೆ ಗುಡಿಸುವಾಗ ಅಟ್ಟದಿಂದ ಏನೇನು ಇಳಿಯುತ್ತದೆ ನೋಡಿ. ಉಬ್ಬಿದ ಬ್ಯಾಟರಿಯ ಮೊಬೈಲು, ಮೂರ್ನಾಲ್ಕು ಚಾರ್ಜರು, ಯಾವುದಕ್ಕೆ ಸೇರಿದ್ದೆಂದು ಯಾರಿಗೂ ನೆನಪಿಲ್ಲದ ರಿಮೋಟು, ಸತ್ತ ಸೊಳ್ಳೆ ಬ್ಯಾಟು, ಮೂಲೆಯಲ್ಲಿ ನಿಂತ ಟ್ಯೂಬ್‌ಲೈಟು, ಇಬ್ಬರು ಹಿಡಿದರೂ ಭಾರವೆನಿಸುವ ಡಬ್ಬಾ ಟಿವಿ. ಇವನ್ನು ತಿಪ್ಪೆಗೆ ಎಸೆಯುವವರು ನಮ್ಮಲ್ಲಿ ಕಡಿಮೆ. ಬೀದಿಯಲ್ಲಿ ಗುಜರಿಯವನ ದನಿ ಕೇಳಿದರೆ ಸಾಕು, ನೂರಿನ್ನೂರು ರೂಪಾಯಿಗೆ ಎಲ್ಲವೂ ಹೊರಟುಹೋಗುತ್ತವೆ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಗುಜರಿಯವನು ದುಡ್ಡು ಕೊಡುವುದು ತಾಮ್ರ, ಅಲ್ಯುಮಿನಿಯಂ, ಕಬ್ಬಿಣ ಮತ್ತು ಸರ್ಕ್ಯೂಟ್ ಬೋರ್ಡಿಗೆ. ಉಳಿದದ್ದಕ್ಕೆ ಬೆಲೆಯಿಲ್ಲ, ಹಾಗಾಗಿ ಅದಕ್ಕೆ ಜಾಗವೂ ಇಲ್ಲ. ತಾಮ್ರಕ್ಕಾಗಿ ವೈರು ಸುಡುತ್ತದೆ, ಟಿವಿಯ ಸೀಸದ ಗಾಜು ಕೆರೆಯಂಚು ಸೇರುತ್ತದೆ, ಬ್ಯಾಟರಿಯ ಆಸಿಡ್ ಚರಂಡಿಗೆ ಹೋಗುತ್ತದೆ. ಜಾಗತಿಕ ಇ-ತ್ಯಾಜ್ಯ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ಕಸ 6.2 ಕೋಟಿ ಟನ್. ಅದರಲ್ಲಿ ಸರಿಯಾದ ದಾರಿಯಲ್ಲಿ ಸಂಗ್ರಹವಾಗಿ ಮರುಬಳಕೆಗೆ ಹೋಗಿದ್ದು ಶೇ. 22.3 ಮಾತ್ರ ಎಂದು ದಾಖಲೆ ಹೇಳುತ್ತದೆ.

ಆದ್ದರಿಂದ ಮನೆಯವರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಯಾರ ಕೈ ಸೇರಬೇಕು? ಕಾನೂನಿನ ಪಟ್ಟಿಯಲ್ಲಿ ಫ್ಯಾನು, ಇಸ್ತ್ರಿಪೆಟ್ಟಿಗೆಯೂ ಇ-ತ್ಯಾಜ್ಯವೇ, ಅವೂ ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ಆದರೆ ಸಣ್ಣ ಊರಿನಲ್ಲಿ ಎಲ್ಲವನ್ನೂ ಅಲ್ಲಿಗೆ ತಲುಪಿಸುವುದು ಸುಲಭವಲ್ಲ. ಕಬ್ಬಿಣವೇ ತುಂಬಿರುವ ಫ್ಯಾನು ಗುಜರಿಗೆ ಹೋದರೆ ಆಗುವ ಹಾನಿ ಕಡಿಮೆ. ಆದರೆ ಈ ಐದು ಮಾತ್ರ ಎಂಥ ಸಂದರ್ಭದಲ್ಲೂ ಆ ಗಾಡಿ ಹತ್ತಬಾರದು:

- ಡಬ್ಬಾ ಟಿವಿ ಮತ್ತು ಹಳೇ ಡಬ್ಬಾ ಮಾನಿಟರ್
- ಟ್ಯೂಬ್‌ಲೈಟ್ ಮತ್ತು ಸಿಎಫ್‌ಎಲ್ ಬಲ್ಬ್
- ಯಾವುದೇ ಬ್ಯಾಟರಿ, ಮತ್ತು ಬ್ಯಾಟರಿ ಒಳಗೇ ಇರುವ ಸಾಮಾನು
- ಫ್ರಿಜ್ ಮತ್ತು ಎಸಿ
- ಸರ್ಕ್ಯೂಟ್ ಬೋರ್ಡ್ ಇರುವ ಸಾಮಾನು ಮತ್ತು ವೈರಿನ ಗಂಟು

ಮೊದಲು: ಅದು ನಿಜವಾಗಿ ಕಸವೇ?

ಗುಜರಿಗೆ ಹೋಗುವ ಎಷ್ಟೋ ಸಾಮಾನಿಗೆ ಬೇಕಿರುವುದು ಸಣ್ಣ ರಿಪೇರಿ ಅಷ್ಟೇ. ಬಿಸಾಡುವ ಮುನ್ನ ಇವಿಷ್ಟನ್ನು ನೋಡಿಬಿಡಿ.

ಮಿಕ್ಸಿ ಹಠಾತ್ತನೆ ನಿಂತರೆ ತಲೆಕೆಳಗು ಮಾಡಿ ತಳ ನೋಡಿ. ಅಲ್ಲಿ ಸಣ್ಣದೊಂದು ಗುಂಡಿ ಇರುತ್ತದೆ, ಸಾಮಾನ್ಯವಾಗಿ ಕೆಂಪು. ಚಟ್ನಿ ಗಟ್ಟಿಯಾಗಿ ಮೋಟರ್‌ಗೆ ಹೊರೆ ಹೆಚ್ಚಾದಾಗ ಅದು ಹೊರಗೆ ಜಿಗಿಯುತ್ತದೆ. ಪ್ಲಗ್ ತೆಗೆದು ಹತ್ತು ನಿಮಿಷ ತಣಿಯಲು ಬಿಟ್ಟು ಗುಂಡಿ ಒತ್ತಿದರೆ ಮಿಕ್ಸಿ ಮತ್ತೆ ಓಡುತ್ತದೆ. ಮೋಟರ್ ತಿರುಗಿದರೂ ಜಾರ್ ತಿರುಗದಿದ್ದರೆ ಸವೆದಿರುವುದು ಕಪ್ಲರ್. ಒಳಗೆ ಕಿಡಿ ಹಾರುತ್ತಾ ಸುಟ್ಟ ವಾಸನೆ ಬಂದರೆ ಕಾರ್ಬನ್ ಬ್ರಷ್ ಮುಗಿದಿರಬಹುದು. ಎರಡೂ ಅಗ್ಗದ ಬಿಡಿಭಾಗಗಳು.

ಸೀಲಿಂಗ್ ಫ್ಯಾನ್ ನಿಧಾನವಾದರೆ, ಅಥವಾ ಕೈಯಿಂದ ತಳ್ಳಿದರೆ ಮಾತ್ರ ತಿರುಗಿದರೆ, ಮೊದಲು ಅನುಮಾನಿಸಬೇಕಾದ್ದು ಕೆಪಾಸಿಟರನ್ನು. ಬಹುತೇಕ ಫ್ಯಾನ್‌ಗಳಲ್ಲಿ ಅದು 2.5 ಅಥವಾ 3.15 ಮೈಕ್ರೋಫ್ಯಾರಡ್. ಹಳೆಯದರ ಮೇಲೆ ಬರೆದಿರುವ ಸಂಖ್ಯೆಯದನ್ನೇ ತನ್ನಿ, ಹೆಚ್ಚಿನದು ಹಾಕಿದರೆ ಜೋರಾಗಿ ತಿರುಗುತ್ತದೆಂದು ಹಾಕಿಸಿ ಕಾಯಿಲ್ ಸುಟ್ಟುಕೊಳ್ಳಬೇಡಿ. ಬಿಚ್ಚುವ ಮುನ್ನ ಗೋಡೆಯ ಸ್ವಿಚ್ ಆರಿಸಿದರೆ ಸಾಲದು, ಮೇನ್ ಇಳಿಸಬೇಕು.

ವೈಫೈ ರೂಟರ್, ಸೆಟ್‌ಟಾಪ್ ಬಾಕ್ಸ್ ಸತ್ತವೆಂದರೆ ಹಲವು ಸಲ ಸತ್ತಿರುವುದು ಅಡಾಪ್ಟರ್ ಮಾತ್ರ. ಅದರ ಮೇಲೆ 12 ವೋಲ್ಟ್, 1 ಆಂಪಿಯರ್ ಎಂಬಂತೆ ಅಚ್ಚಾಗಿರುತ್ತದೆ. ಹೊಸದರ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟು ಅಥವಾ ಹೆಚ್ಚು ಇರಬಹುದು, ಪಿನ್ನಿನ ಪ್ಲಸ್-ಮೈನಸ್ ಗುರುತು ಹೊಂದಬೇಕು. ರಿಮೋಟಿನಲ್ಲಿ ಸೆಲ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ ನಿಂಬೆರಸ ಸೋಕಿಸಿದ ಹತ್ತಿಯಿಂದ ಒರೆಸಿ, ಆಮೇಲೆ ಒಣಬಟ್ಟೆ. ಎಷ್ಟೋ ರಿಮೋಟುಗಳು ಇಷ್ಟಕ್ಕೇ ಏಳುತ್ತವೆ. ಹಳೇ ಲ್ಯಾಪ್‌ಟಾಪ್ ತೆವಳುತ್ತಿದ್ದರೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್‌ಗಳ ಡಿಸ್ಕ್) ಹಾಕಿಸಿ, ಮಕ್ಕಳ ಓದಿಗೆ ಇನ್ನೂ ಕೆಲವು ವರ್ಷ ಸಾಕು.

ನೀವೇ ರಿಪೇರಿಗೆ ಕೈಹಾಕಬಾರದ ಕೆಲವೂ ಇವೆ. ಡಬ್ಬಾ ಟಿವಿ ಮತ್ತು ಮೈಕ್ರೋವೇವ್ ಓವನ್ ಮಾತ್ರ ಮನೆಯಲ್ಲಿ ಬಿಚ್ಚಲೇಬೇಡಿ. ಮೈಕ್ರೋವೇವ್‌ನ ಕೆಪಾಸಿಟರಿನಲ್ಲಿ 2,000 ವೋಲ್ಟಿಗೂ ಮೀರಿದ ವಿದ್ಯುತ್ ಪ್ಲಗ್ ತೆಗೆದ ಮೇಲೂ ಉಳಿದಿರಬಲ್ಲದು. ಡಬ್ಬಾ ಟಿವಿಯ ಪಿಕ್ಚರ್ ಟ್ಯೂಬ್ ಕೆಲಸ ಮಾಡುವುದು 20,000 ವೋಲ್ಟಿನ ಮೇಲೆ, ಅದೂ ಆರಿಸಿದ ಮೇಲೆ ಚಾರ್ಜ್ ಹಿಡಿದಿಟ್ಟುಕೊಂಡಿರುತ್ತದೆ.

ಕಂಪನಿಯ ಬಿಡಿಭಾಗ, ಸರ್ವೀಸ್ ಸೆಂಟರ್ ಎಲ್ಲಿ ಎಂದು ಹುಡುಕಲು ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರ್ ಜಾಲತಾಣ ತೆರೆದಿದೆ. ವಾರಂಟಿ ಇದ್ದೂ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಮೂರು ಡಬ್ಬ ಇಡಿ

ಹಸಿ ಕಸ, ಒಣ ಕಸದ ಡಬ್ಬಗಳ ಜೊತೆಗೆ ಇ-ಕಸಕ್ಕೆ ಮೂರು ಬೇರೆಯೇ ಬೇಕು. ಒಂದೇ ಪೆಟ್ಟಿಗೆಗೆ ಎಲ್ಲ ತುರುಕಿದರೆ ಚಾರ್ಜರಿನ ಪಿನ್ ಬ್ಯಾಟರಿಯ ಎರಡು ತುದಿ ಮುಟ್ಟಿ ಶಾರ್ಟ್ ಆಗುತ್ತದೆ, ಭಾರದ ಸಾಮಾನು ಬಿದ್ದು ಬಲ್ಬ್ ಒಡೆಯುತ್ತದೆ.

ಮೊದಲನೆಯದು ರಟ್ಟಿನ ಪೆಟ್ಟಿಗೆ: ವೈರು, ಚಾರ್ಜರ್, ರಿಮೋಟ್, ಇಯರ್‌ಫೋನ್, ಬೋರ್ಡ್, ಬ್ಯಾಟರಿ ತೆಗೆದ ಮೊಬೈಲು.

ಎರಡನೆಯದು ಮುಚ್ಚಳವಿರುವ ತಗಡಿನ ಡಬ್ಬ, ಬಿಸ್ಕತ್ತಿನ ಹಳೇ ಟಿನ್ ಸಾಕು. ತಳದಲ್ಲಿ ಎರಡಂಗುಲ ಒಣ ಮರಳು ಹಾಕಿ. ಇದು ಬ್ಯಾಟರಿಗಳಿಗೆ. ಮುಚ್ಚಳ ಬಿಗಿಯಾಗಿ ಅದುಮಬೇಡಿ, ಒಳಗೆ ಅನಿಲ ಹುಟ್ಟಿದರೆ ಹೊರಹೋಗಲು ದಾರಿ ಬೇಕು.

ಮೂರನೆಯದು ಟ್ಯೂಬ್‌ಲೈಟ್ ಬಂದ ರಟ್ಟಿನ ಕೊಳವೆ ಅಥವಾ ಹೊಸ ಬಲ್ಬಿನ ಡಬ್ಬಿ, ಹಳೆಯ ದೀಪಗಳಿಗೆ. ಹೊಸದು ತಂದ ದಿನವೇ ಅದರ ಕವರ್‌ನಲ್ಲಿ ಹಳೆಯದನ್ನು ಇಟ್ಟುಬಿಡುವ ಅಭ್ಯಾಸ ಒಳ್ಳೆಯದು.

ಮೂರೂ ಮಳೆ ಬೀಳದ, ಮಕ್ಕಳ ಕೈಗೆಟುಕದ ಕಡೆ ಇರಲಿ. ಬಾಲ್ಕನಿ, ಟೆರೇಸು ಬೇಡ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಜೂನ್‌ಗೆ ಮೊದಲೇ ಖಾಲಿ ಮಾಡಿ. ನಾಲ್ಕು ತಿಂಗಳ ಮಳೆಗಾಲದ ತೇವದಲ್ಲಿ ಸೆಲ್‌ಗಳು ಸೋರಿ ಡಬ್ಬವೇ ತುಕ್ಕು ತಿನ್ನುತ್ತದೆ. ವರ್ಷಕ್ಕೆ ಎರಡು ಸಲ, ಯುಗಾದಿಯ ಸುಮಾರಿಗೆ ಒಮ್ಮೆ, ಆಯುಧಪೂಜೆಗೆ ಒಮ್ಮೆ ಸಾಗಿಸಿದರೆ ಸಾಮಾನ್ಯ ಮನೆಗೆ ಸಾಕು.

ಬ್ಯಾಟರಿ: ಇಲ್ಲಿ ಅವಸರ ಬೇಡ

ಬ್ಯಾಟರಿಗೆ ಕಾನೂನೇ ಬೇರೆ. ಇ-ತ್ಯಾಜ್ಯ ನಿಯಮಗಳು ಅದನ್ನು ಹೊರಗಿಡುತ್ತವೆ, 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ನೋಡಿಕೊಳ್ಳುತ್ತವೆ. ಮನೆಯ ಮಟ್ಟಿಗೆ ನಾಲ್ಕು ಬಗೆ.

ಇನ್ವರ್ಟರ್ ಬ್ಯಾಟರಿ. 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ ಐವತ್ತು ಕಿಲೋ ದಾಟುತ್ತದೆ, ಅದರ ತೂಕದ ಅರ್ಧಕ್ಕಿಂತ ಹೆಚ್ಚು ಸೀಸ. ಇದಕ್ಕೆ ಒಳ್ಳೆ ಬೆಲೆಯಿರುವುದರಿಂದ ದಾರಿ ಸಲೀಸು: ಹೊಸ ಬ್ಯಾಟರಿ ಮಾರುವ ಅಂಗಡಿಯವರೇ ಹಳೆಯದನ್ನು ಕೊಂಡು ಬಿಲ್ಲಿನಲ್ಲಿ ಕಳೆಯುತ್ತಾರೆ. ಕಳೆದ ಮೊತ್ತ ಬಿಲ್ಲಿನಲ್ಲೇ ಬರೆಸಿ. ತಪ್ಪು ನಡೆಯುವುದು ಒಂದು ಕಡೆ. ಆಸಿಡ್ ಚೆಲ್ಲಿ ಕೊಟ್ಟರೆ ಸಾಗಿಸಲು ಸುಲಭ ಎಂದು ಯಾರಾದರೂ ಹೇಳುತ್ತಾರೆ, ಮನೆಯವರು ಅದನ್ನು ಚರಂಡಿಗೆ ಸುರಿಯುತ್ತಾರೆ. ಅದು ಸೀಸ ಕರಗಿದ ಗಂಧಕಾಮ್ಲ. ಬ್ಯಾಟರಿಯನ್ನು ನೆಟ್ಟಗೆ, ಮುಚ್ಚಳ ಬಿಗಿಸಿ, ಆಸಿಡ್ ಸಮೇತ ಕೊಡಿ. ಎಮರ್ಜೆನ್ಸಿ ಲೈಟ್ ಮತ್ತು ಕೆಲವು ಸೊಳ್ಳೆ ಬ್ಯಾಟ್‌ಗಳಲ್ಲಿ ಇರುವ 4 ವೋಲ್ಟಿನ ಸಣ್ಣ ಸೀಲ್ಡ್ ಬ್ಯಾಟರಿಯೂ ಇದೇ ಜಾತಿಯದು.

ಲಿಥಿಯಂ ಬ್ಯಾಟರಿ. ಮೊಬೈಲ್, ಪವರ್‌ಬ್ಯಾಂಕ್, ಲ್ಯಾಪ್‌ಟಾಪ್, ಟ್ರಿಮ್ಮರ್, ಬ್ಲೂಟೂತ್ ಇಯರ್‌ಬಡ್, ಆಟಿಕೆ ಡ್ರೋನ್ ಎಲ್ಲದರಲ್ಲೂ ಇದೇ. ತುದಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ ಮರಳಿನ ಡಬ್ಬದಲ್ಲಿಡಿ. ಚಾರ್ಜ್ ಕಡಿಮೆ ಇದ್ದಷ್ಟು ಕ್ಷೇಮ, ಸಾಧನ ಓಡುತ್ತಿದ್ದರೆ ಬಳಸಿ ಇಳಿಸಿಯೇ ಇಡಿ. ಅಂಟು ಹಾಕಿ ಕೂರಿಸಿರುವ ಮೊಬೈಲ್ ಬ್ಯಾಟರಿಯನ್ನು ಚಾಕುವಿನಿಂದ ಮೀಟಬೇಡಿ, ಮೊಬೈಲನ್ನೇ ಇಡಿಯಾಗಿ ಈ ಡಬ್ಬಕ್ಕೆ ಹಾಕಿ.

ಉಬ್ಬಿದ ಬ್ಯಾಟರಿಯ ವಿಷಯದಲ್ಲಿ ಜನ ಮಾಡುವ ತಪ್ಪು ಮೂರು. ಗಾಳಿ ತೆಗೆಯಲು ಸೂಜಿ ಚುಚ್ಚುತ್ತಾರೆ, ಒಳಗಿನ ಪದರಗಳು ಒಂದಕ್ಕೊಂದು ತಾಗಿ ಹತ್ತಿಕೊಳ್ಳುತ್ತದೆ. ತಣ್ಣಗಿರಲೆಂದು ಫ್ರಿಜ್‌ನಲ್ಲಿಡುತ್ತಾರೆ, ತೇವ ಸೇರಿ ಇನ್ನಷ್ಟು ಅಪಾಯ. ಇನ್ನೊಂದು ಸಲ ನೋಡೋಣವೆಂದು ಚಾರ್ಜಿಗೆ ಹಾಕುತ್ತಾರೆ, ಅದೂ ಹಾಸಿಗೆಯ ಮೇಲೆ. ಉಬ್ಬು ಕಂಡ ದಿನವೇ ಮಣ್ಣಿನ ಮಡಕೆಯಲ್ಲೋ ತಗಡಿನ ಡಬ್ಬದಲ್ಲೋ ಮರಳಿನ ನಡುವೆ ಹೂತು, ಮನೆಯ ಹೊರಗೆ ನೆರಳಿನಲ್ಲಿ, ವಾಹನ ಮತ್ತು ಗ್ಯಾಸ್ ಸಿಲಿಂಡರ್‌ನಿಂದ ದೂರ ಇಟ್ಟು, ಆ ವಾರದೊಳಗೆ ಸಾಗಿಸಿ. ಹತ್ತಿಕೊಂಡರೆ ಹೊಗೆ ಉಸಿರಾಡದೆ ಹೊರಗೆ ಬನ್ನಿ, ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ. ಸಣ್ಣ ಸಾಧನವಾದರೆ ದೂರದಿಂದ ಧಾರಾಳ ನೀರು ಸುರಿದು ತಣಿಸಬಹುದು, ಕೈ ಮೀರಿದರೆ 112.

ಪೌರಕಾರ್ಮಿಕರ ಗಾಡಿಗೆ ಕವರಿನೊಳಗೆ ಬಚ್ಚಿಟ್ಟು ಹಾಕುವ ಲಿಥಿಯಂ ಬ್ಯಾಟರಿ ಮುಂದೆ ಕಸ ಅದುಮುವ ಕಾಂಪ್ಯಾಕ್ಟರ್ ಲಾರಿಯೊಳಗೆ ನಜ್ಜುಗುಜ್ಜಾಗುತ್ತದೆ. ಕಸದ ಲಾರಿಗೆ ಬೆಂಕಿ ಬೀಳುವುದಕ್ಕೆ ಇದೂ ಒಂದು ಕಾರಣ.

ಬಟನ್ ಸೆಲ್. ಆಟಿಕೆ, ತೂಕದ ಯಂತ್ರ, ಸಣ್ಣ ರಿಮೋಟಿನಲ್ಲಿರುವ ನಾಣ್ಯದಂಥದ್ದು. ತೆಗೆದ ತಕ್ಷಣ ಎರಡೂ ಬದಿಗೆ ಟೇಪ್ ಅಂಟಿಸಿ. ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು. ವಾಂತಿ ಮಾಡಿಸಲು ಹೋಗದೆ ಎಕ್ಸ್‌ರೇ ಇರುವ ಆಸ್ಪತ್ರೆಗೆ ಆ ಕ್ಷಣವೇ ಓಡಿ. ಮಲದಲ್ಲಿ ಬರಲಿ ಎಂದು ಕಾಯುವ ಮಾತೇ ಇಲ್ಲ.

ಪೆನ್ಸಿಲ್ ಸೆಲ್. ಈ ನಾಲ್ಕರಲ್ಲಿ ಸಾಧು. ಆದರೂ ಬೇರೆಯಾಗಿ ಇಡಿ, ಬೆಂಕಿಗೆ ಹಾಕಬೇಡಿ.

ಟ್ಯೂಬ್‌ಲೈಟ್, ಸಿಎಫ್‌ಎಲ್

ಸುರುಳಿ ಸಿಎಫ್‌ಎಲ್ ಒಂದರಲ್ಲಿ ಸುಮಾರು 3ರಿಂದ 5 ಮಿಲಿಗ್ರಾಂ ಪಾದರಸ ಇರುತ್ತದೆ, ಹಳೇ ದಪ್ಪ ಟ್ಯೂಬ್‌ಗಳಲ್ಲಿ ಅದಕ್ಕಿಂತ ಹೆಚ್ಚು. ಎಲ್‌ಇಡಿಯಲ್ಲಿ ಪಾದರಸವಿಲ್ಲ, ಅದು ಮೊದಲ ಪೆಟ್ಟಿಗೆಗೆ. ಹಳೇ ಪಟ್ಟಿಯ ತಾಮ್ರದ ಚೋಕಿಗೆ ಗುಜರಿಯಲ್ಲಿ ಬೆಲೆ ಇದೆ, ಆದರೆ ಟ್ಯೂಬನ್ನೂ ಜೊತೆಗೆ ಕೊಟ್ಟರೆ ಅದು ಅಲ್ಲೇ ಮೂಲೆಯಲ್ಲಿ ಒಡೆಯುತ್ತದೆ.

ಮನೆಯಲ್ಲಿ ಒಡೆದರೆ ಹೀಗೆ ಮಾಡಿ:

1. ಫ್ಯಾನ್, ಎಸಿ ಆರಿಸಿ. ಕಿಟಕಿ ತೆರೆದು, ಮಕ್ಕಳನ್ನೂ ನಾಯಿ-ಬೆಕ್ಕನ್ನೂ ಕರೆದುಕೊಂಡು ಹತ್ತು-ಹದಿನೈದು ನಿಮಿಷ ಹೊರಗಿರಿ.
2. ಪೊರಕೆ, ವ್ಯಾಕ್ಯೂಮ್ ಕ್ಲೀನರ್ ಮುಟ್ಟಬೇಡಿ. ಪೊರಕೆ ಪಾದರಸವನ್ನು ಸಣ್ಣ ಸಣ್ಣ ಹನಿಯಾಗಿ ಹರಡುತ್ತದೆ, ಆಮೇಲೆ ಆ ಪೊರಕೆಯೇ ಮನೆಯೆಲ್ಲ ಓಡಾಡುತ್ತದೆ.
3. ಕೈಗವಸು ಹಾಕಿ, ಲಗ್ನಪತ್ರಿಕೆಯಂಥ ದಪ್ಪ ಕಾಗದ ಎರಡರಿಂದ ಚೂರು ಎತ್ತಿ.
4. ಉಳಿದ ಪುಡಿಯನ್ನು ಅಂಟುಟೇಪ್ ಒತ್ತಿ ತೆಗೆಯಿರಿ, ಕೊನೆಗೆ ಒದ್ದೆ ಕಾಗದದಿಂದ ಒರೆಸಿ.
5. ಚೂರು, ಟೇಪ್, ಕಾಗದ, ಕೈಗವಸು ಎಲ್ಲವನ್ನೂ ಗಾಜಿನ ಉಪ್ಪಿನಕಾಯಿ ಬಾಟಲಿಗೆ ಹಾಕಿ ಮುಚ್ಚಳ ಬಿಗಿಸಿ, ಮೇಲೆ "ಪಾದರಸ" ಎಂದು ಬರೆದು ಮೂರನೆಯ ಡಬ್ಬದ ಪಕ್ಕ ಇಡಿ.

ಚಾಪೆ, ಜಮಖಾನದ ಮೇಲೆ ಒಡೆದಿದ್ದರೆ ಆ ಭಾಗವನ್ನು ಕೊಡವಬೇಡಿ, ವಾಷಿಂಗ್ ಮಷಿನ್‌ಗೂ ಹಾಕಬೇಡಿ.

ಮೊಬೈಲು, ಲ್ಯಾಪ್‌ಟಾಪಿನ ಒಳಗಿರುವ ಮನೆಯ ಗುಟ್ಟು

ಎಷ್ಟೋ ಮನೆಗಳಲ್ಲಿ ಹಳೇ ಮೊಬೈಲು ಕಪಾಟಿನಲ್ಲೇ ಉಳಿಯುವುದಕ್ಕೆ ಕಾರಣ ಫೋಟೋ ಮತ್ತು ಬ್ಯಾಂಕಿನ ಭಯ. ಭಯ ನ್ಯಾಯವಾದದ್ದೇ, ಆದರೆ ಅದಕ್ಕೆ ಅರ್ಧ ಗಂಟೆಯ ಪರಿಹಾರವಿದೆ.

ಆಂಡ್ರಾಯ್ಡ್ ಆದರೆ ಕ್ರಮ ತಪ್ಪಬಾರದು. ಫೋಟೋ, ಸಂಪರ್ಕ ಸಂಖ್ಯೆ, ವಾಟ್ಸಾಪ್ ಬ್ಯಾಕಪ್ ತೆಗೆದುಕೊಳ್ಳಿ. ಯುಪಿಐ ಆಪ್‌ಗಳಿಂದ ಲಾಗೌಟ್ ಆಗಿ. ಸಿಮ್, ಮೆಮೊರಿ ಕಾರ್ಡ್ ತೆಗೆಯಿರಿ. ಹಿಂದಿನ ಮುಚ್ಚಳ ಬಿಚ್ಚುವ ಹಳೇ ಸೆಟ್‌ಗಳಲ್ಲಿ ಕಾರ್ಡ್ ಬ್ಯಾಟರಿಯಡಿ ಅಡಗಿರುತ್ತದೆ, ಮರೆಯುವುದು ಅದನ್ನೇ. ಬಳಿಕ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಖಾತೆ ತೆಗೆದುಹಾಕಿ, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಖಾತೆ ತೆಗೆಯದೆ ಬಟನ್ ಒತ್ತಿ ರೀಸೆಟ್ ಮಾಡಿದರೆ ಮೊಬೈಲು ಮತ್ತೆ ಹಳೇ ಖಾತೆಯ ಪಾಸ್‌ವರ್ಡ್ ಕೇಳುತ್ತಾ ಕೂರುತ್ತದೆ, ಓಡುವ ಸೆಟ್ಟೂ ಬಿಡಿಭಾಗದ ಲೆಕ್ಕಕ್ಕೆ ಹೋಗುತ್ತದೆ. ಐಫೋನ್‌ನಲ್ಲಿಯೂ ಹಾಗೇ: ಮೊದಲು ಫೈಂಡ್ ಮೈ ಆಫ್ ಮಾಡಿ ಆಪಲ್ ಖಾತೆಯಿಂದ ಹೊರಬನ್ನಿ, ನಂತರ ಅಳಿಸಿ. ನೋಕಿಯಾದ ಹಳೇ ಕೀಪ್ಯಾಡ್ ಸೆಟ್‌ಗಳು ರೀಸೆಟ್‌ಗೆ ಕೋಡ್ ಕೇಳಿದರೆ, ಬದಲಿಸದೇ ಇದ್ದಲ್ಲಿ ಅದು 12345.

ಕೊಡುವ ಮುನ್ನ *#06# ಒತ್ತಿ ಬರುವ ಐಎಂಇಐ, ಅಂದರೆ ಆ ಸೆಟ್ಟಿನ ಗುರುತಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ನಾಳೆ ಆ ಸೆಟ್ ಬೇರೆ ಯಾರದೋ ಕೈಯಲ್ಲಿ ತಪ್ಪು ಕೆಲಸಕ್ಕೆ ಬಳಕೆಯಾದರೆ, ಸಂಖ್ಯೆ ಮತ್ತು ಕೊಟ್ಟ ರಸೀದಿ ನಿಮ್ಮ ಪರ ನಿಲ್ಲುತ್ತವೆ.

ಆನ್ ಆಗದ ಮೊಬೈಲನ್ನು ಸುತ್ತಿಗೆಯಿಂದ ಜಜ್ಜುವವರಿದ್ದಾರೆ. ಒಳಗೆ ಬ್ಯಾಟರಿ ಇದೆ ಎನ್ನುವುದು ನೆನಪಿರಲಿ. ಅಂಥದ್ದನ್ನು ನೋಂದಾಯಿತ ಮರುಬಳಕೆದಾರರಿಗೆ ನೇರ ಕೊಟ್ಟು, ಡೇಟಾ ನಾಶದ ಪ್ರಮಾಣಪತ್ರ ಕೇಳುವುದೇ ದಾರಿ.

ಲ್ಯಾಪ್‌ಟಾಪ್‌ನ ವಿಂಡೋಸ್ 10 ಅಥವಾ 11ರಲ್ಲಿ ರೀಸೆಟ್ ದಿಸ್ ಪಿಸಿ ತೆರೆದು "ಎಲ್ಲವನ್ನೂ ತೆಗೆ" ಆರಿಸಿ, ಅದರೊಳಗೆ ಡ್ರೈವ್ ಸ್ವಚ್ಛಗೊಳಿಸುವ ಆಯ್ಕೆಯನ್ನೂ ಆನ್ ಮಾಡಿ. ಅದಿಲ್ಲದಿದ್ದರೆ ಅಳಿಸಿದ್ದು ಮತ್ತೆ ಎದ್ದು ಬರಬಹುದು. ಹಾರ್ಡ್ ಡಿಸ್ಕ್ ಸತ್ತೇ ಹೋಗಿದ್ದರೆ ಹೊರತೆಗೆದು ಡ್ರಿಲ್‌ನಿಂದ ಎರಡು-ಮೂರು ತೂತು ಹೊಡೆಯಿರಿ. ಕಂಪ್ಯೂಟರಿನ ದೊಡ್ಡ ಡಿಸ್ಕಿನೊಳಗೆ ತಟ್ಟೆ ಸಾಮಾನ್ಯವಾಗಿ ಲೋಹದ್ದು, ಲ್ಯಾಪ್‌ಟಾಪಿನ ಸಣ್ಣದರಲ್ಲಿ ಹಲವು ಸಲ ಗಾಜಿನದು. ದಪ್ಪ ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಯೇ ಕೊರೆಯಿರಿ. ಎಸ್‌ಎಸ್‌ಡಿಯಲ್ಲಿ ತಟ್ಟೆ ಇಲ್ಲ, ಬೋರ್ಡಿನ ಮೇಲಿನ ಪ್ರತಿ ಕಪ್ಪು ಚಿಪ್ ಒಡೆಯದಿದ್ದರೆ ತೂತು ಹೊಡೆದೂ ಪ್ರಯೋಜನವಿಲ್ಲ. ಸಿಸಿಟಿವಿಯ ದೃಶ್ಯ ದಾಖಲಿಸುವ ಪೆಟ್ಟಿಗೆಯಾದ ಡಿವಿಆರ್ ಒಳಗೂ ಹಾರ್ಡ್ ಡಿಸ್ಕ್ ಇದೆ ಎನ್ನುವುದು ಬಹಳ ಜನಕ್ಕೆ ಹೊಳೆಯುವುದಿಲ್ಲ.

ದೊಡ್ಡ ಸಾಮಾನು

ಡಬ್ಬಾ ಟಿವಿಯ ಭಾರವೆಲ್ಲ ಮುಂದಿನ ಗಾಜಿನ ಕಡೆ. ಎತ್ತುವಾಗ ಪರದೆ ನಿಮ್ಮ ಎದೆಯ ಕಡೆಗಿರಲಿ, 21 ಇಂಚಿನದಾದರೆ ಇಬ್ಬರು ಬೇಕು. ಟ್ಯೂಬಿನೊಳಗೆ ಗಾಳಿಯಿಲ್ಲ, ಬಿದ್ದರೆ ಒಳಮುಖವಾಗಿ ಸಿಡಿದು ಚೂರು ಹಾರುತ್ತದೆ. ಹಿಂಬದಿಯ ಗಾಜಿನಲ್ಲಿ ಸೀಸ ಸೇರಿದೆ. ಗುಜರಿಯಲ್ಲಿ ಇದರ ಕುತ್ತಿಗೆ ಮುರಿದು ತಾಮ್ರದ ಸುರುಳಿ ತೆಗೆಯುತ್ತಾರೆ, ಉಳಿದ ಹತ್ತಾರು ಕಿಲೋ ಗಾಜು ಯಾರಿಗೂ ಬೇಡ. ನೋಂದಾಯಿತ ಘಟಕಗಳಿಗೂ ಇದು ಲಾಭದ ಸರಕಲ್ಲ, ಹಾಗಾಗಿ ಬರೀ ಡಬ್ಬಾ ಟಿವಿ ಎಂದರೆ ಮೂಗು ಮುರಿಯುತ್ತಾರೆ ಅಥವಾ ಸಾಗಣೆ ಖರ್ಚು ಕೇಳುತ್ತಾರೆ. ಲ್ಯಾಪ್‌ಟಾಪ್, ಮೊಬೈಲು, ಬೋರ್ಡುಗಳ ಜೊತೆ ಸೇರಿಸಿ ಒಟ್ಟಿಗೆ ಕೊಡುವುದು ಜಾಣತನ: "ಅದು ಬೇಕಾದರೆ ಇದನ್ನೂ ಒಯ್ಯಿ."

ಫ್ರಿಜ್‌ನ ಕಂಪ್ರೆಸರ್ ಮೇಲಿನ ಚೀಟಿ ಓದಿ, ಒಳಗಿರುವ ತಂಪು ಮಾಡುವ ಅನಿಲದ ಹೆಸರು ಅಲ್ಲಿರುತ್ತದೆ. ಬಹಳ ಹಳೆಯದಾದರೆ ಆರ್ 12, ನಂತರದ್ದು ಆರ್ 134ಎ, ಈಚಿನದು ಆರ್ 600ಎ. ಮೊದಲನೆಯದು ಓಝೋನ್ ಪದರ ತಿನ್ನುತ್ತದೆ. ಆರ್ 134ಎ ಭೂಮಿ ಬಿಸಿಯಾಗಿಸುವುದರಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟು ಮೀರಿದ್ದು. ಮೂರನೆಯದು ಐಸೊಬ್ಯುಟೇನ್, ನಮ್ಮ ಅಡುಗೆ ಅನಿಲದ ದಾಯಾದಿ, ಕಿಡಿ ತಾಗಿದರೆ ಹತ್ತುತ್ತದೆ. ಗುಜರಿ ಅಂಗಡಿಯಲ್ಲಿ ಪೈಪ್ ಕತ್ತರಿಸಿ ಗಾಳಿಗೆ ಬಿಟ್ಟುಬಿಡುತ್ತಾರೆ. ಸಾಗಿಸುವ ಹಿಂದಿನ ದಿನ ಐಸ್ ಕರಗಿಸಿ ಒರೆಸಿ, ನೆಟ್ಟಗೆ ಸಾಗಿಸಿ, ಹಿಂದಿನ ಪೈಪ್ ಬಾಗದಂತೆ ನೋಡಿಕೊಳ್ಳಿ. ಹೊರಗೆ ಒಂದು ರಾತ್ರಿಯಾದರೂ ಇಡುವಂತಿದ್ದರೆ ಬಾಗಿಲು ಕಳಚಿಡಿ. ಕಣ್ಣಾಮುಚ್ಚಾಲೆಯಾಡುವ ಮಗು ಒಳಗೆ ಸೇರಿದರೆ ಒಳಗಿನಿಂದ ತೆರೆಯಲಾಗುವುದಿಲ್ಲ.

ದೀಪಾವಳಿಯ ಎಕ್ಸ್‌ಚೇಂಜ್‌ನಲ್ಲಿ ಕೊಟ್ಟರೆ ಮುಗಿಯಿತು ಎಂದುಕೊಳ್ಳಬೇಡಿ. ಅಂಗಡಿಯಿಂದ ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. "ನಮ್ಮ ಗುಜರಿಯವರು ಒಯ್ಯುತ್ತಾರೆ" ಎಂದರೆ ಮುಂದೆ ಹೇಳುವ ಕಂಪನಿಯ ದಾರಿಯೇ ಮೇಲು.

ಯಾರಿಗೆ ಕೊಡುವುದು

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಹೊಣೆ ಮುಖ್ಯವಾಗಿ ತಯಾರಕ ಕಂಪನಿಗಳ ಮೇಲಿದೆ. 106 ಬಗೆಯ ಸಾಮಾನು ಪಟ್ಟಿಯಲ್ಲಿವೆ. ಕಂಪನಿಗಳು 2025-26 ಮತ್ತು 2026-27ಕ್ಕೆ ಶೇ. 70, ಅನಂತರ ಶೇ. 80ರಷ್ಟು ಮರುಬಳಕೆ ಗುರಿ ಮುಟ್ಟಬೇಕು. ನಿಮ್ಮ ಹಳೇ ವಾಷಿಂಗ್ ಮಷಿನ್ ಬಗ್ಗೆ ಕಂಪನಿಗೆ ಕರೆ ಮಾಡಲು ನಿಮಗಿರುವ ಬಲ ಅದೇ.

ದಾರಿ ಒಂದು, ಕಂಪನಿ. ದೊಡ್ಡ ಕಂಪನಿಗಳ ಜಾಲತಾಣದಲ್ಲಿ ಇ-ವೇಸ್ಟ್ ಎಂಬ ಪುಟ, ಅದರಲ್ಲಿ ಟೋಲ್‌ಫ್ರೀ ಸಂಖ್ಯೆ ಇರುತ್ತದೆ. ಮಾಡೆಲ್ ಸಂಖ್ಯೆ, ಪಿನ್‌ಕೋಡ್ ಕೈಯಲ್ಲಿಟ್ಟುಕೊಂಡು "ಇ-ವೇಸ್ಟ್ ಪಿಕಪ್ ಬೇಕು" ಎಂದು ಹೇಳಿ. ರಿಪೇರಿ ವಿಭಾಗಕ್ಕೆ ತಳ್ಳಿದರೆ ಇ-ವೇಸ್ಟ್ ಎಂಬ ಪದವನ್ನೇ ಮತ್ತೆ ಹೇಳಿ. ದೂರಿನ ಸಂಖ್ಯೆ ಪಡೆಯದೆ ಫೋನ್ ಇಡಬೇಡಿ.

ದಾರಿ ಎರಡು, ನೋಂದಾಯಿತ ಮರುಬಳಕೆದಾರರು. ಇವರ ಪಟ್ಟಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿದೆ. ಈ ಕೆಲಸದಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ, ದಾಬಸ್‌ಪೇಟೆಯ ಇ-ಪರಿಸರ ಘಟಕ 2005ರಷ್ಟು ಹಿಂದೆಯೇ ಶುರುವಾಗಿದೆ. ಆದರೆ ಘಟಕಗಳಲ್ಲಿ ಹೆಚ್ಚಿನವು ಬೆಂಗಳೂರಿನ ಸುತ್ತಮುತ್ತಲೇ. ಫೋನಿನಲ್ಲಿ ಇವಿಷ್ಟು ಕೇಳಿ: ನೋಂದಣಿ ಯಾವ ತಾರೀಖಿನವರೆಗೆ ಇದೆ? ಮನೆಗೆ ಬರಲು ಕನಿಷ್ಠ ಎಷ್ಟು ಕಿಲೋ ಬೇಕು? ಡಬ್ಬಾ ಟಿವಿ, ಟ್ಯೂಬ್‌ಲೈಟ್, ಲಿಥಿಯಂ ಬ್ಯಾಟರಿ ತೆಗೆದುಕೊಳ್ಳುತ್ತೀರಾ? ತೂಕ ಬರೆದ ರಸೀದಿ ಕೊಡುತ್ತೀರಾ? ಕೊನೆಯ ಪ್ರಶ್ನೆಗೆ ತಡವರಿಸಿದರೆ ಆ ಕರೆ ಅಲ್ಲಿಗೇ ಮುಗಿಸಿ. ಮರುಬಳಕೆದಾರರ ಹೆಸರು ಹೇಳಿಕೊಂಡು ಬಂದು ಸಾಮಾನನ್ನು ಗುಜರಿ ಮಾರುಕಟ್ಟೆಗೆ ಸಾಗಿಸುವ ಮಧ್ಯವರ್ತಿಗಳೂ ಇದ್ದಾರೆ.

ದಾರಿ ಮೂರು, ಬೆಂಗಳೂರಿನವರಿಗೆ ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರ. ಹಲವು ಕೇಂದ್ರಗಳನ್ನು ಕಸ ಆಯುವವರೇ ನಡೆಸುತ್ತಾರೆ. ಸಣ್ಣ ಇ-ಕಸ ತೆಗೆದುಕೊಳ್ಳುತ್ತಾರೆಯೇ ಎಂದು ಮೊದಲು ವಿಚಾರಿಸಿ ಹೋಗಿ, ಒಣ ಕಸದ ಚೀಲದೊಳಗೆ ಸೇರಿಸದೆ ಬೇರೆಯಾಗಿಯೇ ಕೊಡಿ.

ಸಣ್ಣ ಊರಿನಲ್ಲಿದ್ದರೆ ಇನ್ವರ್ಟರ್ ಬ್ಯಾಟರಿ ಅಂಗಡಿಗೆ, ದೊಡ್ಡ ಸಾಮಾನು ಕಂಪನಿಗೆ. ಮೊದಲ ಪೆಟ್ಟಿಗೆಯ ಸಣ್ಣ ಸಾಮಾನು ಭಾರವೇನಿಲ್ಲ, ಬೆಂಗಳೂರಿಗೆ ಹೋಗುವ ನೆಂಟರ ಕಾರಿನ ಡಿಕ್ಕಿಯಲ್ಲಿ ಹೋಗುತ್ತದೆ. ಲಿಥಿಯಂ ಬ್ಯಾಟರಿಯನ್ನು ಮಾತ್ರ ಕೊರಿಯರ್‌ಗೆ ಹಾಕಬೇಡಿ, ಬಸ್ಸಿನ ಪಾರ್ಸೆಲ್‌ಗೂ ಬೇಡ. ಮೊಬೈಲ್ ಕಂಪನಿಯ ಸರ್ವೀಸ್ ಸೆಂಟರ್ ಜಿಲ್ಲಾ ಕೇಂದ್ರದಲ್ಲಿ ಇದ್ದರೆ ಅಲ್ಲಿ ಕೇಳಿ ನೋಡಿ.

ಇನ್ನು ಚಿನ್ನದ ಮಾತು. ಬೋರ್ಡಿನಿಂದ ಮನೆಯಲ್ಲೇ ಚಿನ್ನ ತೆಗೆಯುವ ವಿಡಿಯೋಗಳು ಓಡಾಡುತ್ತಿವೆ. 2001ರಲ್ಲಿ ಕೆಜಿಎಫ್ ಮುಚ್ಚುವ ಹೊತ್ತಿಗೆ ಅಲ್ಲಿ ಟನ್ ಅದಿರಿಗೆ ಸಿಗುತ್ತಿದ್ದುದು ಸುಮಾರು 3 ಗ್ರಾಂ ಚಿನ್ನ. ಒಂದು ಟನ್ ಹಳೇ ಮೊಬೈಲುಗಳಲ್ಲಿ ಇನ್ನೂರು-ಮುನ್ನೂರು ಗ್ರಾಂ ಇರಬಹುದು. ಕೇಳಲು ಸೊಗಸು, ಆದರೆ ಟನ್ ಆಗಲು ಸಾವಿರಾರು ಸೆಟ್ ಬೇಕು, ಒಂದರಲ್ಲಿರುವುದು ಮಿಲಿಗ್ರಾಂ ಲೆಕ್ಕ. ಅದಕ್ಕಾಗಿ ಅಡುಗೆಮನೆಯ ಪಕ್ಕ ನೈಟ್ರಿಕ್ ಆಸಿಡ್ ಕಾಯಿಸಿದರೆ ಹೋಗುವುದು ಶ್ವಾಸಕೋಶ.

ಬೀದಿಯವರೆಲ್ಲ ಸೇರಿ ಕೊಡುವುದಾದರೆ

ಒಂದು ಮನೆಯ ಎರಡು ಕಿಲೋಗೆ ಗಾಡಿ ಬರುವುದಿಲ್ಲ, ನಲವತ್ತು ಮನೆ ಸೇರಿದರೆ ಬರುತ್ತದೆ. ಅಪಾರ್ಟ್‌ಮೆಂಟ್ ಸಂಘ, ಬಡಾವಣೆಯ ಮಹಿಳಾ ಮಂಡಳಿ, ಶಾಲೆ ಯಾರು ಬೇಕಾದರೂ ನಡೆಸಬಹುದು.

ಮೂರು ವಾರ ಮೊದಲು ಮರುಬಳಕೆದಾರರ ಜೊತೆ ತಾರೀಖು ಗಟ್ಟಿ ಮಾಡಿ, ಅವರ ಗಾಡಿ ಅದೇ ದಿನ ಸಂಜೆಯೊಳಗೆ ಒಯ್ಯುವಂತೆ ಮಾತಾಡಿ. ಇದು ಮುಖ್ಯ. ಸಾಮಾನು ರಾತ್ರಿ ಬಯಲಲ್ಲಿ ಉಳಿದರೆ ಬೆಳಗಾಗುವಷ್ಟರಲ್ಲಿ ವೈರು, ಕಂಪ್ರೆಸರ್, ಬ್ಯಾಟರಿ ಮಾಯವಾಗಿ ಬರೀ ಗಾಜು-ಪ್ಲಾಸ್ಟಿಕ್ ಉಳಿದಿರುತ್ತದೆ, ಮರುಬಳಕೆದಾರರು ಅದನ್ನು ಒಯ್ಯಲು ಒಪ್ಪುವುದಿಲ್ಲ.

ಡಬ್ಬಾ ಟಿವಿ ಎಷ್ಟು ಬರುತ್ತವೆಂದು ವಾಟ್ಸಾಪ್ ಗುಂಪಿನಲ್ಲಿ ಮೊದಲೇ ಎಣಿಸಿ ಅವರಿಗೆ ತಿಳಿಸಿ, ಇಲ್ಲದಿದ್ದರೆ ಅರ್ಧ ಗಾಡಿ ಅವೇ ತುಂಬಿ ಜಗಳವಾಗುತ್ತದೆ. ಪ್ರಕಟಣೆ ಹೀಗಿರಲಿ: "ಭಾನುವಾರ ಬೆಳಿಗ್ಗೆ 9ರಿಂದ 1. ಪ್ಲಗ್, ಬ್ಯಾಟರಿ ಅಥವಾ ವೈರು ಇರುವ ಯಾವುದೇ ಹಳೇ ಸಾಮಾನು ತನ್ನಿ. ಬಿಚ್ಚಬೇಡಿ, ಇಡಿಯಾಗಿ ತನ್ನಿ. ಮೊಬೈಲಿನ ಡೇಟಾ ಅಳಿಸಿ ತನ್ನಿ. ಥರ್ಮೋಕೋಲ್, ಔಷಧಿ, ಬಟ್ಟೆ ಬೇಡ."

ಮೇಜು ಮೂರು, ಮೇಲೆ ಹೇಳಿದ ಮೂರು ಡಬ್ಬದ ಲೆಕ್ಕದಲ್ಲೇ. ಬ್ಯಾಟರಿ ಮೇಜಿನ ಹತ್ತಿರ ಟೇಪಿನ ಸುರುಳಿ ನಾಲ್ಕು, ಮರಳಿನ ಬಕೆಟ್ ಎರಡು, ನೀರಿನ ಬಕೆಟ್ ಎರಡು, ಕೈಗವಸು. ಅಲ್ಲಿ ದೊಡ್ಡವರೇ ಕೂರಲಿ, ಶಾಲಾ ಮಕ್ಕಳಿಗೆ ಹೆಸರು ಬರೆದುಕೊಳ್ಳುವ ಕೆಲಸ ಕೊಡಿ. ಮಧ್ಯಾಹ್ನದ ಬಿಸಿಲಿಗೆ ಲಿಥಿಯಂ ಬ್ಯಾಟರಿ ಬೀಳದಂತೆ ಶಾಮಿಯಾನವೋ ಮರದ ನೆರಳೋ ಬೇಕು. ಗಾಡಿ ಹತ್ತಿಸುವಾಗ ನಿಮ್ಮದೇ ತಕ್ಕಡಿಯಲ್ಲಿ ತೂಗಿ, ಗಾಡಿಯ ನಂಬರ್ ಫಲಕದ ಫೋಟೋ ತೆಗೆದುಕೊಳ್ಳಿ. ಬಗೆವಾರು ತೂಕ ಬರೆದ ರಸೀದಿಗೆ ಚಾಲಕನ ಸಹಿ ಹಾಕಿಸಿಕೊಂಡ ಮೇಲೆಯೇ ಗೇಟು ತೆರೆಯಿರಿ.